ಕಟ್ಟದೆ ಉಳಿಸಿಕೊಂಡವರು

ವ್ಯಾಪಾರವನ್ನು ವಂಶಪಾರಂಪರ್ಯವಾಗಿ ನಡೆಸಿಕೊಂಡು ಬಂದ ನಮ್ಮ ಮನೆತನಗಳಲ್ಲಿ ಬಂಡವಾಳದ ಚರಿತ್ರೆ ಎಲ್ಲರಿಗೂ ಚೆನ್ನಾಗಿ ನೆನಪಿರುತ್ತದೆ. ಮುತ್ತಜ್ಜನವರು ಎಷ್ಟು ರೂಪಾಯಿ ಸಾಲ ತಂದು ಅಂಗಡಿ ಹೂಡಿದರು, ಯಾವ ಬರಗಾಲದಲ್ಲಿ ಕೈಸುಟ್ಟುಕೊಂಡರು, ಯಾವ ವರ್ಷ ಹೊಸ ಕಟ್ಟಡ ಎದ್ದಿತು ಎಂಬುದನ್ನು ಮನೆಯ ಮಕ್ಕಳೂ ಹೇಳಬಲ್ಲರು. ಆದರೆ ಅದೇ ಅಂಗಡಿಯ ಮೆಟ್ಟಿಲನ್ನು ಮುಂಜಾನೆ ಎಲ್ಲರಿಗಿಂತ ಮೊದಲು ಹತ್ತಿ, ರಾತ್ರಿ ಎಲ್ಲರಿಗಿಂತ ಕೊನೆಯಲ್ಲಿ ಇಳಿಯುತ್ತಿದ್ದ ಗುಮಾಸ್ತನ ಹೆಸರೇನೆಂದು ಕೇಳಿದರೆ ಹಿರಿಯರೂ ಒಂದು ಕ್ಷಣ ತಡವರಿಸುತ್ತಾರೆ. ಲಾಭವಾದಾಗ ಅದು ಯಜಮಾನನ ಪುಣ್ಯದ ಫಲ. ಅದರಲ್ಲಿ ನೌಕರನ ಪಾಲು ಎಷ್ಟೆಂದು ಬರೆದಿಡುವ ಪದ್ಧತಿ ನಮ್ಮಲ್ಲಿ ಬೆಳೆಯಲಿಲ್ಲ.

ಬೆಳಗಾವಿ ಸೀಮೆಯ ಒಂದು ತಾಲ್ಲೂಕು ಊರಿನಲ್ಲಿ ನಮ್ಮ ದೊಡ್ಡಪ್ಪನವರ ತಾಮ್ರ-ಹಿತ್ತಾಳೆ ಪಾತ್ರೆಗಳ ಅಂಗಡಿ ಇತ್ತು. ಅಲ್ಲಿ ಇಪ್ಪತ್ತೆರಡು ವರ್ಷ ಲೆಕ್ಕ ಬರೆದವರೊಬ್ಬರನ್ನು ಊರೆಲ್ಲ ದಿವಾನಜಿ ಎಂದೇ ಕರೆಯುತ್ತಿತ್ತು. ಅವರು ಜೈನರಲ್ಲ, ಆದರೂ ಸೂರ್ಯಾಸ್ತಕ್ಕೆ ಮೊದಲು ದೊಡ್ಡಪ್ಪನವರು ಊಟಕ್ಕೆ ಏಳಬೇಕೆಂದು ಅವರೇ ಗಡಿಯಾರ ನೋಡಿ ನೆನಪಿಸುತ್ತಿದ್ದರು. ದೊಡ್ಡಪ್ಪನವರ ಹಿರಿಯ ಮಗ ಕಾಲೇಜು ಮುಗಿಸಿ ಅಂಗಡಿಯಲ್ಲಿ ಕುಳಿತ ಮೊದಲ ವಾರದಲ್ಲಿಯೇ ಗಲ್ಲಾಪೆಟ್ಟಿಗೆಯ ಕೀಲಿಕೈ ದಿವಾನಜಿಯವರ ಸೊಂಟದಿಂದ ಅಣ್ಣನ ಕಿಸೆಗೆ ಬಂದಿತು. ಯಾರೂ ಅವರಿಗೆ ಒಂದು ಮಾತು ಹೇಳಲಿಲ್ಲ, ಅವರೂ ಕೇಳಲಿಲ್ಲ. ತಿಂಗಳು ತುಂಬುವುದರೊಳಗೆ ಅವರು ಲೆಕ್ಕವನ್ನೆಲ್ಲ ಒಪ್ಪಿಸಿ, ಕೈಮುಗಿದು ಹೊರಟುಹೋದರು. "ಹೋಗೋರು ಹೋಗಲಿ ಬಿಡ್ರಿ, ಪಗಾರ ಕೊಟ್ರ ನೂರು ಮಂದಿ ಸಿಗ್ತಾರ" ಎಂದು ದೊಡ್ಡಪ್ಪನವರು ಪಡಸಾಲೆಯಲ್ಲಿ ಹೇಳಿದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. ಮುಂದೆ ನಡೆದುದನ್ನು ಈ ಬರಹದ ಕೊನೆಯಲ್ಲಿ ಹೇಳುತ್ತೇನೆ.

ನುರಿತ ನೌಕರನನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದು ದೊಡ್ಡ ಕಾರ್ಖಾನೆಗಳಿಗಿಂತ ಇಂತಹ ಸಣ್ಣ ಅಂಗಡಿಗಳಿಗೇ ಹೆಚ್ಚು ಕಠಿಣವಾದ ಪ್ರಶ್ನೆ. ಸಾವಿರ ಜನರಿರುವಲ್ಲಿ ಒಬ್ಬನು ಹೋದರೆ ಸಾವಿರದಲ್ಲಿ ಒಂದು ಪಾಲು ಹೋಯಿತು. ನಾಲ್ವರಿರುವಲ್ಲಿ ಒಬ್ಬನು ಹೋದರೆ ಕಾಲುಭಾಗ ಹೋಯಿತು. ಹೆಚ್ಚು ಸಂಬಳ ಕೊಡೋಣವೆಂದರೆ ಸಣ್ಣವನಲ್ಲಿ ಅಷ್ಟು ಹಣವಿರುವುದಿಲ್ಲ. ದೊಡ್ಡ ಪದವಿ ಕೊಡೋಣವೆಂದರೆ ಅಂಗಡಿಯಲ್ಲಿ ಇರುವುದು ಒಂದೇ ಗಾದಿ, ಅದರ ಮೇಲೆ ಮಗ ಕುಳಿತಿರುತ್ತಾನೆ. ಹಾಗಾದರೆ ಅವನು ಕೊಡಬಹುದಾದುದೇನು? ಇದಕ್ಕೆ ಪುಸ್ತಕದ ಉಪದೇಶಕ್ಕಿಂತ ನಮ್ಮ ನೆರೆಯಲ್ಲಿಯೇ ನಡೆದ ಒಂದು ಚರಿತ್ರೆ ಹೆಚ್ಚಿನ ಬೆಳಕು ಕೊಡುತ್ತದೆಂದು ನನಗೆ ತೋರಿದೆ. ಅದು ಬೆಳಗಾವಿಯಲ್ಲಿ ಹುಟ್ಟಿ, ಕೃಷ್ಣಾ ಕಣಿವೆಯ ಒಂದು ಬರಡು ನೆಲದಲ್ಲಿ ಬೇರೂರಿದ ಕಿರ್ಲೋಸ್ಕರ್ ಸಹೋದರರ ಕಾರ್ಯಾಗಾರದ ಆರಂಭಕಾಲದ ಚರಿತ್ರೆ.

ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಚಿತ್ರಕಾರನಾಗಬೇಕೆಂಬ ಹಂಬಲದಿಂದ ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರೂ, ಬಣ್ಣಗಳ ಭೇದವನ್ನು ಸರಿಯಾಗಿ ಗುರುತಿಸಲಾರದ ದೃಷ್ಟಿದೋಷವಿದೆಯೆಂದು ತಿಳಿದುಬಂದುದರಿಂದ ಕುಂಚವನ್ನು ಕೆಳಗಿಟ್ಟರು. ಯಂತ್ರಗಳ ರೇಖಾಚಿತ್ರಕ್ಕೆ ಬಣ್ಣ ಬೇಕಿಲ್ಲ. ಅದನ್ನು ಕಲಿತು ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕರಾದರು. ಅಲ್ಲಿ ಅವರ ಕೆಲಸದಲ್ಲಿ ಕುಂದು ಕಂಡವರಿಲ್ಲ. ಆದರೂ ಬಡ್ತಿಯ ಸಮಯ ಬಂದಾಗ ಅವರನ್ನು ಬದಿಗಿಟ್ಟು ಒಬ್ಬ ಆಂಗ್ಲೋ-ಇಂಡಿಯನ್ನನಿಗೆ ಆ ಸ್ಥಾನವನ್ನು ಕೊಡಲಾಯಿತು. ಲಕ್ಷ್ಮಣರಾಯರು ರಾಜೀನಾಮೆ ಕೊಟ್ಟು ಊರಿನ ದಾರಿ ಹಿಡಿದರು. ಸಂಬಳ ಸಾಲದೆಂದು ಅವರು ಬಿಡಲಿಲ್ಲ, ಕೆಲಸ ಬೇಸರವಾಯಿತೆಂದೂ ಬಿಡಲಿಲ್ಲ. ಯೋಗ್ಯತೆಯನ್ನು ತೂಗುವ ತಕ್ಕಡಿಯೇ ಸುಳ್ಳೆಂದು ತಿಳಿದ ಮೇಲೆ ಅಲ್ಲಿರಲು ಅವರಿಗೆ ಮನಸ್ಸಾಗಲಿಲ್ಲ. ಒಳ್ಳೆಯ ನೌಕರನನ್ನು ಕಳೆದುಕೊಳ್ಳುವುದು ಹೇಗೆಂಬ ಪಾಠವನ್ನು ಲಕ್ಷ್ಮಣರಾಯರು ಯಜಮಾನನ ಗಾದಿಯ ಮೇಲೆ ಕುಳಿತು ಕಲಿಯಲಿಲ್ಲ, ನೌಕರನ ಜಾಗದಲ್ಲಿ ನಿಂತು ಕಲಿತರೆಂಬುದನ್ನು ವಾಚಕರು ಗಮನಿಸಬೇಕು.

ಬೆಳಗಾವಿಯಲ್ಲಿ ಅಣ್ಣ ರಾಮಚಂದ್ರರಾಯರೊಡನೆ ಸೇರಿ ಅವರು ನಡೆಸಿದ್ದು ಸೈಕಲ್ ಅಂಗಡಿ. ಕಿರ್ಲೋಸ್ಕರ್ ಬ್ರದರ್ಸ್ ಸಂಸ್ಥೆ ತನ್ನ ಹುಟ್ಟನ್ನು 1888ರಿಂದ ಎಣಿಸುತ್ತದೆ. ಆ ನಗರದ ಕಿರ್ಲೋಸ್ಕರ್ ರಸ್ತೆಯ ಹೆಸರು ಆ ದಿನಗಳನ್ನು ಇಂದಿಗೂ ನೆನಪಿಸುತ್ತಿದೆ. ಸೈಕಲ್ ಮಾರುತ್ತ, ದುರಸ್ತಿ ಮಾಡುತ್ತ, ಮುಂದೆ ಮೇವು ಕತ್ತರಿಸುವ ಯಂತ್ರವನ್ನು ತಯಾರಿಸಿದರು. 1903ರಲ್ಲಿ ಕಬ್ಬಿಣದ ನೇಗಿಲು ಹೊರಬಂದಿತು. ಅದನ್ನು ಕೊಳ್ಳುವವರೇ ಇರಲಿಲ್ಲ. ಕಬ್ಬಿಣ ತಗುಲಿದರೆ ಮಣ್ಣಿಗೆ ವಿಷವೇರುತ್ತದೆ ಎಂಬುದು ರೈತರ ಭಾವನೆಯಾಗಿತ್ತು. ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಮಾರಾಟವಿಲ್ಲದ ಎರಡು ವರ್ಷವೆಂದರೆ ಏನೆಂಬುದು ಅಂಗಡಿ ನಡೆಸಿದವರಿಗೆ ಗೊತ್ತು. ಯಜಮಾನನಿಗಾದರೋ ತನ್ನ ಕನಸಿನ ಬಲವಿರುತ್ತದೆ. ಕುಲುಮೆಯ ಮುಂದೆ ನಿಂತವನಿಗೆ ಕನಸಿನಿಂದ ಮನೆಯ ಒಲೆ ಉರಿಯುವುದಿಲ್ಲ.

ನೇಗಿಲಿಗೆ ಜನ ಒಗ್ಗಿಕೊಳ್ಳುತ್ತಿದ್ದ ಹೊತ್ತಿನಲ್ಲಿಯೇ ಬೆಳಗಾವಿಯ ಪುರಸಭೆ ಕಾರ್ಯಾಗಾರದ ಜಾಗವನ್ನು ತೆರವು ಮಾಡಬೇಕೆಂದು ಆದೇಶಿಸಿತು. ಯಂತ್ರಗಳನ್ನು ಎಲ್ಲಿಗೆ ಒಯ್ಯುವುದು? ಆಗ ಲಕ್ಷ್ಮಣರಾಯರ ಶಕ್ತಿಯನ್ನು ಬಲ್ಲ ಔಂಧ್ ಸಂಸ್ಥಾನದ ಅರಸರು, ಬಾಳಾಸಾಹೇಬ ಪಂತ ಪ್ರತಿನಿಧಿಯವರು, ತಮ್ಮ ಸೀಮೆಯಲ್ಲಿ ನೆಲವನ್ನೂ ಬಂಡವಾಳಕ್ಕೆ ಸಾಲದ ನೆರವನ್ನೂ ಕೊಡಲು ಮುಂದೆ ಬಂದರು. ಕುಂಡಲ ರೋಡ್ ಎಂಬ ಸಣ್ಣ ರೈಲು ನಿಲ್ದಾಣದ ಬಳಿ 32 ಎಕರೆ. ಪಾಪಾಸುಕಳ್ಳಿ ಹಬ್ಬಿದ, ನಾಗರಹಾವುಗಳು ತುಂಬಿದ, ಮಳೆಯ ನಂಬಿಕೆಯಿಲ್ಲದ ಭೂಮಿ. ಲಕ್ಷ್ಮಣರಾಯರ ಮಗ ಶಂತನುರಾಯರು ಮುಂದೆ ಬರೆದ ಆತ್ಮಕಥೆಗೆ 'ಕ್ಯಾಕ್ಟಸ್ ಅಂಡ್ ರೋಸಸ್', ಅಂದರೆ ಕಳ್ಳಿ ಮತ್ತು ಗುಲಾಬಿ, ಎಂದು ಹೆಸರಿಟ್ಟರು. 1910ರ ಮಾರ್ಚ್ ತಿಂಗಳಲ್ಲಿ ಅಲ್ಲಿ ಕಿರ್ಲೋಸ್ಕರವಾಡಿಯ ಸ್ಥಾಪನೆಯಾಯಿತು. ಕಳ್ಳಿ ಕಡಿದು ನೆಲವನ್ನು ಹಸನು ಮಾಡಿ ಊರು ಕಟ್ಟಿದವರು ಇಪ್ಪತ್ತೈದು ಮಂದಿ ಕೆಲಸಗಾರರು ಮತ್ತು ಅವರ ಕುಟುಂಬದವರು.

ಈ ಇಪ್ಪತ್ತೈದು ಎಂಬ ಸಂಖ್ಯೆಯ ಬಳಿ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ಮುಂದೆ ಪಂಪು, ಎಂಜಿನ್ನುಗಳಿಂದ ದೇಶವಿದೇಶಗಳಲ್ಲಿ ಹೆಸರು ಮಾಡಿದ ಸಂಸ್ಥೆಯ ಚರಿತ್ರೆಯನ್ನು ಬರೆಯುವವರು ಈ ಸಂಖ್ಯೆಯನ್ನು ಒಂದು ವಾಕ್ಯದಲ್ಲಿ ದಾಟಿಹೋಗುತ್ತಾರೆ. ಆದರೆ ಅಂದು ಆ ಕಾರ್ಯಾಗಾರ ನಮ್ಮ ಯಾವುದೇ ಊರಿನ ಒಂದು ಅಂಗಡಿಗಿಂತ ಬಹಳ ದೊಡ್ಡದಾಗಿರಲಿಲ್ಲ. ಶಾಲೆಯಿಲ್ಲ, ಪೇಟೆಯಿಲ್ಲ, ಮುಂದಿನ ವರ್ಷ ಕುಲುಮೆ ಉರಿಯುತ್ತದೆಂಬ ಭರವಸೆಯೂ ಇಲ್ಲದ ಹಾವಿನ ಕಾಡಿಗೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದು ನೆಲೆಸುವುದಕ್ಕೆ ಕೇವಲ ಸಂಬಳ ಕಾರಣವಾಗಲಾರದು. ಕೆಲಸ ಬಲ್ಲ ಕಮ್ಮಾರನಿಗೂ ಬಡಗಿಗೂ ಪೇಟೆಯ ಊರುಗಳಲ್ಲಿ ಅನ್ನಕ್ಕೆ ಕೊರತೆ ಇರಲಿಲ್ಲ. ಅವರು ಇಲ್ಲಿ ನಿಂತರೆಂದರೆ ಯಜಮಾನನ ಮಾತಿನ ಮೇಲೆ ಅವರಿಗಿದ್ದ ನಂಬಿಕೆಯೇ ಅದಕ್ಕೆ ಕಾರಣವಾಗಿರಬೇಕು.

ಆ ಕಾಲದ ಕಿರ್ಲೋಸ್ಕರವಾಡಿಯ ಮುಖ್ಯ ಕಾರ್ಯಕರ್ತರನ್ನು ನೋಡಿದರೆ ಲಕ್ಷ್ಮಣರಾಯರು ಮನುಷ್ಯರನ್ನು ಆರಿಸುತ್ತಿದ್ದ ರೀತಿ ತಿಳಿಯುತ್ತದೆ. ಶಂಭುರಾವ್ ಜಾಂಭೇಕರರು ಯಂತ್ರಶಿಲ್ಪಿಯಾಗಿದ್ದರು. ಜೊತೆಗೆ ಇಡೀ ಊರಿನ ವ್ಯವಸ್ಥೆಯೂ ಅವರ ಮೇಲಿತ್ತು. ಮಂಗೇಶರಾವ್ ರೇಗೆಯವರು ಲೆಕ್ಕಪತ್ರಗಳನ್ನು ನೋಡಿಕೊಂಡರು. ಅನಂತರಾವ್ ಫಳಣೀಕರರು ಶಾಲೆಯನ್ನು ಅರ್ಧಕ್ಕೆ ಬಿಟ್ಟವರು. ಆದರೆ ಯಂತ್ರದ ಕಲ್ಪನೆಯಲ್ಲಿ ಅಸಾಧಾರಣ ಬುದ್ಧಿಯವರು. ಸರ್ಟಿಫಿಕೇಟಿಗೆ ಬೆಲೆ ಕೊಡುವ ಸಂಸ್ಥೆಯಲ್ಲಿ ಅಂತಹವರಿಗೆ ಸುತ್ತಿಗೆ ಹಿಡಿಯುವ ಕೆಲಸ ಸಿಗುತ್ತಿತ್ತೇ ಹೊರತು ವಿನ್ಯಾಸದ ಹೊಣೆ ಸಿಗುತ್ತಿರಲಿಲ್ಲ. ಜಾತಿ ನೋಡಿ ತನಗೆ ಬಡ್ತಿ ತಪ್ಪಿಸಿದ ಮುಂಬಯಿಯನ್ನು ಲಕ್ಷ್ಮಣರಾಯರು ಮರೆತಿರಲಾರರು. ತಾನು ಮಾಡಬಲ್ಲ ಕೆಲಸವನ್ನು ಮಾಡಲು ಬಿಡುವ ಜಾಗವನ್ನು ಬಿಟ್ಟುಹೋಗುವುದು ಯಾವ ಶಿಲ್ಪಿಗೂ ಸುಲಭವಲ್ಲ. ಹಣವಿಲ್ಲದ ಯಜಮಾನನೂ ಕೊಡಬಹುದಾದ ದೊಡ್ಡ ಸಂಬಳ ಅದು. ಆದರೆ ಅದನ್ನು ಕೊಡಬೇಕಾದರೆ ಕೀಲಿಕೈಯನ್ನು ತನ್ನ ಕಿಸೆಯಿಂದ ತೆಗೆದು ಇನ್ನೊಬ್ಬರ ಕೈಗಿಡುವ ಧೈರ್ಯ ಬೇಕು.

ಕೀಲಿಕೈಯ ಮಾತು ಬಂದುದರಿಂದ ಕಾವಲುಗಾರರ ಪ್ರಸಂಗವನ್ನೂ ಹೇಳಬೇಕು. ಹೊಸ ಊರಿನ ಸುತ್ತ ಕಳ್ಳರ ಭಯವಿತ್ತು. ಲಕ್ಷ್ಮಣರಾಯರು ರಾತ್ರಿಯ ಕಾವಲಿಗೆ ನೇಮಿಸಿದ್ದು ತುಕಾರಾಮ ರಾಮೋಶಿ ಮತ್ತು ಪಿರ್‍ಯಾ ಮಾಂಗ್ ಎಂಬವರನ್ನು. ಇಬ್ಬರೂ ದರೋಡೆಗಾಗಿ ಶಿಕ್ಷೆ ಅನುಭವಿಸಿದವರು. 1871ರ ಕಾಯದೆಯ ಮೂಲಕ ಬ್ರಿಟಿಷ್ ಸರ್ಕಾರ ಹಲವು ಪಂಗಡಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿದ್ದ ಕಾಲವದು. ಒಮ್ಮೆ ಜೈಲು ಕಂಡವನಿಗೆ ಹೊರಗೆ ಕೂಲಿಯೂ ದುರ್ಲಭವಾಗಿತ್ತು. ಅಂತಹ ಇಬ್ಬರಿಗೆ ಊರಿನ ಸೊತ್ತನ್ನೂ ನಿದ್ರಿಸುವ ಮಕ್ಕಳನ್ನೂ ಒಪ್ಪಿಸಿ ಯಜಮಾನನು ದೀಪ ಆರಿಸಿ ಮಲಗಿದನು. ಅವರಿಬ್ಬರೂ ವಿಶ್ವಾಸದ ಕಾವಲುಗಾರರಾಗಿ ಉಳಿದರು. ಹೀಗೆ ನಂಬಿದರೆ ಎಲ್ಲರೂ ಒಳ್ಳೆಯವರಾಗುತ್ತಾರೆಂದು ನಾನು ಹೇಳಲಾರೆ. ನಂಬಿ ಕೆಟ್ಟ ಅಂಗಡಿಗಳನ್ನೂ ಕಂಡಿದ್ದೇನೆ. ಆದರೆ ಇಪ್ಪತ್ತು ವರ್ಷ ದುಡಿದ ಗುಮಾಸ್ತನು ಮನೆಗೆ ಹೊರಡುವಾಗ ಅವನ ಚೀಲವನ್ನು ಬಿಚ್ಚಿ ನೋಡುವ ಅಂಗಡಿಗಳನ್ನೂ ಕಂಡಿದ್ದೇನೆ. ಅಲ್ಲಿ ಕಳವು ನಿಂತಿತೋ ಇಲ್ಲವೋ ತಿಳಿಯದು, ಒಳ್ಳೆಯವರು ನಿಲ್ಲಲಿಲ್ಲ.

ಕಿರ್ಲೋಸ್ಕರವಾಡಿಯಲ್ಲಿ ಅಸ್ಪೃಶ್ಯತೆಯ ಆಚರಣೆಗೆ ಅವಕಾಶವಿರಲಿಲ್ಲ. 1920ರಲ್ಲಿ ಸಂಸ್ಥೆ ಕಂಪನಿಯಾಗಿ ನೋಂದಣಿಯಾಯಿತು. ಅದೇ ವರ್ಷ ಶಂಕರರಾವ್ ಕಿರ್ಲೋಸ್ಕರರು ಆರಂಭಿಸಿದ 'ಕಿರ್ಲೋಸ್ಕರ್ ಖಬರ್' ಎಂಬ ಪತ್ರಿಕೆ ಮುಂದೆ ಮರಾಠಿಯ ಪ್ರಸಿದ್ಧ ಮಾಸಿಕವಾಗಿ ಬೆಳೆಯಿತು. ಕರ್ನಾಟಕಕ್ಕೂ ಈ ಮನೆತನದ ಉದ್ಯಮ ಮರಳಿ ಬಂದಿತು: 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್. ಹರಿಹರದ ಕಾರ್ಖಾನೆ ಕಾಲಾಂತರದಲ್ಲಿ ಮುಚ್ಚಿಹೋಯಿತು. ಆ ದೊಡ್ಡ ಉದ್ಯಮಗಳ ಏಳುಬೀಳು ಬೇರೆಯೇ ಕಥೆ. ನಮಗಿಲ್ಲಿ ಬೇಕಾದುದು ಇಪ್ಪತ್ತೈದು ಜನರ ಊರಿನ ಕಥೆ ಮಾತ್ರ.

ಇದನ್ನು ಓದುವಾಗ ನಮ್ಮ ಆಚಾರ್ಯರು ಅಹಿಂಸಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳು ನೆನಪಾಗುತ್ತವೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂದು ಅವುಗಳನ್ನು ಹೇಳಿದೆ. ಬಾಲ್ಯದಿಂದ ನಾವು ಇವನ್ನು ಎತ್ತು, ಕುದುರೆಗಳಿಗೆ ಅನ್ವಯಿಸಿ ಕಲಿತವರು. ಆದರೆ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಬಂಧವೆಂಬುದಕ್ಕೆ ಕೊಡುವ ಅರ್ಥ ಹಗ್ಗಕ್ಕೆ ಸೀಮಿತವಾದುದಲ್ಲ. ಜೀವಿಯು ತಾನು ಬಯಸಿದೆಡೆಗೆ ಹೋಗದಂತೆ ತಡೆಯುವುದಕ್ಕೆ ಯಾವುದು ಕಾರಣವೋ ಅದು ಬಂಧ. ಮುಂಗಡ ಸಾಲ ಕೊಟ್ಟು, ಅದು ತೀರುವವರೆಗೆ ಬೇರೆಲ್ಲಿಗೂ ಹೋಗಕೂಡದೆಂದು ಆಳನ್ನು ನಿಲ್ಲಿಸಿಕೊಳ್ಳುವುದು ಈ ಅರ್ಥದಲ್ಲಿ ಬಂಧವಲ್ಲದೆ ಮತ್ತೇನು? ಸಂಬಳದ ದಿನವನ್ನು ಐದರಿಂದ ಹತ್ತಕ್ಕೆ, ಹತ್ತರಿಂದ ಇಪ್ಪತ್ತಕ್ಕೆ ತಳ್ಳುವುದು ಅನ್ನಪಾನನಿರೋಧದ ನೆರಳಲ್ಲವೇ? ಇನ್ನೂ ಸೂಕ್ಷ್ಮವಾದುದು ಸಮಂತಭದ್ರಾಚಾರ್ಯರ ದೃಷ್ಟಿ. ರತ್ನಕರಂಡಕ ಶ್ರಾವಕಾಚಾರದಲ್ಲಿ ಅವರು ಅತಿಭಾರವನ್ನು ಅಹಿಂಸೆಯ ಅತಿಚಾರಗಳಲ್ಲಿ ಒಮ್ಮೆ ಹೇಳಿ, ಪರಿಮಿತ ಪರಿಗ್ರಹದ ಅತಿಚಾರಗಳಲ್ಲಿ ಮತ್ತೊಮ್ಮೆ ಹೇಳುತ್ತಾರೆ. ಹೊರೆ ಹೊರಿಸುವುದು ಕ್ರೌರ್ಯದಿಂದ ಮಾತ್ರವಲ್ಲ, ಲೋಭದಿಂದಲೂ ನಡೆಯುತ್ತದೆ. ಇಬ್ಬರ ಕೆಲಸವನ್ನು ಒಬ್ಬನಿಂದ ಮಾಡಿಸಿ ಇನ್ನೊಂದು ಸಂಬಳ ಉಳಿಸಿದ ಶ್ರಾವಕನು ತನ್ನನ್ನು ಕ್ರೂರಿಯೆಂದು ಎಂದೂ ಭಾವಿಸುವುದಿಲ್ಲ. ಮಿತವ್ಯಯಿ ಎಂದೇ ಭಾವಿಸುತ್ತಾನೆ. ಒಳ್ಳೆಯ ನೌಕರನ ಮೇಲೆಯೇ ಹೊರೆ ಹೆಚ್ಚುವುದು ಅಂಗಡಿಗಳ ನಿಯಮ, ಏಕೆಂದರೆ ಹೇಳಿದ ಕೆಲಸ ಮಾಡುವವನಿಗೆ ಇನ್ನಷ್ಟು ಕೆಲಸ ಹೇಳುವುದು ಸುಲಭ. ಹೀಗೆ ಬೇಸತ್ತು ಮೊದಲು ಹೊರಡುವವನೂ ಅವನೇ.

ಈ ಅಳತೆಗೋಲನ್ನು ಹಿಡಿದರೆ ಕಿರ್ಲೋಸ್ಕರವಾಡಿಯನ್ನೂ ಪ್ರಶ್ನಿಸದೆ ಬಿಡಲಾಗದು. ಕೆಲಸ ಕೊಡುವವನೇ ಮನೆಯನ್ನೂ ಕೊಟ್ಟಾಗ, ಕೆಲಸ ಬಿಟ್ಟವನು ಮನೆಯನ್ನೂ ಬಿಡಬೇಕಾಗುತ್ತದೆ. ಒಳ್ಳೆಯ ಯಜಮಾನನ ಕೈಯಲ್ಲಿ ಅದು ಆಶ್ರಯ, ಕೆಟ್ಟವನ ಕೈಯಲ್ಲಿ ಅದೇ ಹಗ್ಗ. ಅಮೆರಿಕದ ಹೆನ್ರಿ ಫೋರ್ಡನ ಪ್ರಸಂಗ ಇದಕ್ಕೆ ಹತ್ತಿರವಾದುದು. 1913ರಲ್ಲಿ ಅವನ ಮೋಟಾರು ಕಾರ್ಖಾನೆಯಲ್ಲಿ ಸುಮಾರು 14,000 ಕೆಲಸಗಾರರನ್ನು ಇರಿಸಿಕೊಳ್ಳಲು ವರ್ಷದಲ್ಲಿ 52,000ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಳ್ಳಬೇಕಾಯಿತು. ಜನ ಬರುವುದು, ಬೇಸತ್ತು ಹೋಗುವುದು. 1914ರ ಜನವರಿಯಲ್ಲಿ ಅವನು ಕೆಲಸದ ಹೊತ್ತನ್ನು ಒಂಬತ್ತರಿಂದ ಎಂಟು ಗಂಟೆಗೆ ಇಳಿಸಿ, ದಿನಗೂಲಿಯನ್ನು ಐದು ಡಾಲರಿಗೆ ಏರಿಸಿದನು. ಅದು ಹಿಂದಿನದರ ಎರಡರಷ್ಟು. ಬಿಟ್ಟುಹೋಗುವವರ ಸಂಖ್ಯೆ ಒಮ್ಮೆಗೇ ಕುಸಿಯಿತು. ಆದರೆ ಆ ಐದು ಡಾಲರಿಗೆ ಒಂದು ಷರತ್ತಿತ್ತು. ಕಂಪನಿಯ ತನಿಖೆಗಾರರು ಕೆಲಸಗಾರರ ಮನೆಗಳಿಗೆ ಹೋಗಿ, ಮನೆ ಚೊಕ್ಕಟವಾಗಿದೆಯೇ, ಕುಡಿಯುತ್ತಾನೆಯೇ, ಹಣ ಕೂಡಿಡುತ್ತಾನೆಯೇ ಎಂದು ವಿಚಾರಿಸಿ ಬರೆದುಕೊಳ್ಳುತ್ತಿದ್ದರು. ಉದ್ದೇಶ ಒಳ್ಳೆಯದೆಂದು ವಾದಿಸಬಹುದು. ನನಗಾದರೋ ಅದು ಚಿನ್ನದ ಸರಪಳಿಯಾಗಿಯೇ ಕಾಣುತ್ತದೆ. ಅಲ್ಲದೆ ಎರಡರಷ್ಟು ಸಂಬಳ ನಮ್ಮ ಸಣ್ಣ ವ್ಯಾಪಾರಿಯ ಕೈಗೆ ಎಟಕುವ ಉಪಾಯವೂ ಅಲ್ಲ.

ಸಣ್ಣ ವ್ಯಾಪಾರಿಯ ನಿಜವಾದ ಭಯ ಬೇರೆಯೇ ಇದೆ. ಕೆಲಸ ಕಲಿಸಿದ ಹುಡುಗ ನಾಳೆ ಎದುರು ಸಾಲಿನಲ್ಲಿ ತನ್ನದೇ ಅಂಗಡಿ ತೆರೆದು ಗಿರಾಕಿಗಳನ್ನು ಸೆಳೆದುಕೊಂಡರೆ? ಈ ಭಯದಿಂದಲೇ ಎಷ್ಟೋ ಮಂದಿ ಯಜಮಾನರು ಖರೀದಿಯ ಮರ್ಮವನ್ನು, ಸಗಟು ವ್ಯಾಪಾರಿಗಳ ಪರಿಚಯವನ್ನು ನೌಕರನಿಂದ ಮರೆಮಾಚುತ್ತಾರೆ. ಈ ಭಯಕ್ಕೆ ಜಪಾನಿನ ವರ್ತಕರು ಕಂಡುಕೊಂಡ ಪರಿಹಾರ ಬಹಳ ವಿಲಕ್ಷಣವಾದುದು. ತೋಕುಗಾವಾ ಆಳ್ವಿಕೆಯ ಕಾಲದಲ್ಲಿ, ಅಂದರೆ 1603ರಿಂದ 1868ರವರೆಗೆ, ಓಸಾಕಾ ಮತ್ತು ಕ್ಯೋತೋ ನಗರಗಳ ವ್ಯಾಪಾರಿ ಮನೆತನಗಳಿಗೆ ಹುಡುಗರು ಹತ್ತು ಹನ್ನೆರಡನೆಯ ವಯಸ್ಸಿಗೆ 'ದೆಚ್ಚಿ' ಎಂಬ ಶಿಷ್ಯರಾಗಿ ಸೇರುತ್ತಿದ್ದರು. ಊಟ, ಬಟ್ಟೆ, ಅಕ್ಷರ, ಲೆಕ್ಕ ಎಲ್ಲವೂ ಅಂಗಡಿಯಲ್ಲಿಯೇ. ಪ್ರಾಯಕ್ಕೆ ಬಂದ ಮೇಲೆ 'ತೆದಾಯ್' ಎಂಬ ಗುಮಾಸ್ತಿಕೆ, ಅಲ್ಲಿಂದ ಯೋಗ್ಯರಾದವರಿಗೆ 'ಬಾಂತೋ' ಎಂಬ ಮುಖ್ಯಸ್ಥಾನ. ಅಂಗಡಿಯ ಬಾಗಿಲಿಗೆ ಮನೆತನದ ಗುರುತು ಹೊತ್ತ ಬಟ್ಟೆಯ ಪರದೆಯೊಂದು ತೂಗುತ್ತಿತ್ತು. ಅದರ ಹೆಸರು 'ನೋರೆನ್'. ಬಹುಕಾಲ ನಿಷ್ಠೆಯಿಂದ ದುಡಿದವನಿಗೆ ಯಜಮಾನನು ಅದೇ ಗುರುತಿನ ಪರದೆಯನ್ನು ತೂಗುವ ಹಕ್ಕನ್ನು ಕೊಟ್ಟು, ಬಂಡವಾಳಕ್ಕೋ ಗಿರಾಕಿಗಳಿಗೋ ನೆರವಾಗಿ, ಪ್ರತ್ಯೇಕ ಅಂಗಡಿ ಹಾಕಿಸುತ್ತಿದ್ದನು. ಇದನ್ನು 'ನೋರೆನ್-ವಾಕೆ', ಪರದೆಯನ್ನು ಹಂಚುವುದು, ಎನ್ನುತ್ತಿದ್ದರು. ಎದುರಾಳಿಯಾಗಬಹುದಾಗಿದ್ದವನು ಹೀಗೆ ಶಾಖೆಯಾದನು. ಮುಂದೊಂದು ದಿನ ಪರದೆ ತನ್ನದಾಗಬಹುದೆಂಬ ಆಸೆ ಇದ್ದವನು ಇಂದು ಅಂಗಡಿಯನ್ನು ಬಿಟ್ಟು ಹೋಗುವನೇ? ಈ ಪದ್ಧತಿಯಲ್ಲಿ ದೋಷಗಳೂ ಇದ್ದವು. ಮಧ್ಯದಲ್ಲಿ ಉದುರಿಹೋದ ಹುಡುಗರು ಬಹಳ. ಅಂಗಡಿಯಲ್ಲಿಯೇ ವಾಸಿಸುವವನು ಮೇಲಿನ ಸ್ಥಾನ ದೊರೆಯುವವರೆಗೆ ಮದುವೆಯಾಗುವಂತಿರಲಿಲ್ಲ. ಆ ಭಾಗವನ್ನು ನಾವು ಅನುಕರಿಸಬೇಕಾದುದಿಲ್ಲ.

ನಮ್ಮ ನಾಡಿನಲ್ಲಿ ಇದಕ್ಕೆ ಹೋಲುವುದು ಇಲ್ಲವೆಂದಲ್ಲ. ಕರಾವಳಿಯಿಂದ ಹೊರಟು ಮದರಾಸು, ಮುಂಬಯಿಗಳಲ್ಲಿ ಉಡುಪಿ ಹೋಟೆಲುಗಳನ್ನು ಕಟ್ಟಿದವರಲ್ಲಿ ಎಷ್ಟೋ ಮಂದಿ ಲೋಟ ತೊಳೆಯುವ ಹುಡುಗರಾಗಿ ಒಳಗೆ ಬಂದವರು. ಆದರೆ ಅಲ್ಲಿ ಅದು ಹೆಚ್ಚಾಗಿ ಆಯಾ ಯಜಮಾನನ ಗುಣ, ಬಂಧುತ್ವಗಳನ್ನು ಅವಲಂಬಿಸಿ ನಡೆದುದು. ನಮ್ಮ ಬಟ್ಟೆ, ಪಾತ್ರೆ, ಕಿರಾಣಿ ಅಂಗಡಿಗಳಲ್ಲಿ ಅಷ್ಟೂ ನಡೆಯಲಿಲ್ಲ. ಕಾನೂನು ಇದನ್ನು ಮಾಡಿಸುತ್ತದೆಂದು ಕಾಯುವುದೂ ವ್ಯರ್ಥ. 1976ರ ಕಾಯದೆ ಜೀತವನ್ನು ನಿಷೇಧಿಸಿತು, ಸಾಲಕ್ಕೆ ದುಡಿಸಿಕೊಳ್ಳುವುದು ಅಪರಾಧವಾಯಿತು. ಆದರೆ 1972ರಲ್ಲಿ ಬಂದ ಗ್ರಾಚ್ಯುಯಿಟಿ ಕಾಯದೆ ಹತ್ತು ಮಂದಿಗಿಂತ ಕಡಿಮೆ ನೌಕರರಿದ್ದ ಅಂಗಡಿಯನ್ನು ಮುಟ್ಟಲಿಲ್ಲ. 1952ರ ಭವಿಷ್ಯನಿಧಿ ಕಾಯದೆಯೂ ಸಾಮಾನ್ಯವಾಗಿ ನಾಲ್ಕಾರು ಜನರ ಅಂಗಡಿಯ ಹೊಸ್ತಿಲಿನ ಹೊರಗೇ ನಿಂತಿತು. ಮೂವತ್ತು ವರ್ಷ ದುಡಿದವನಿಗೆ ಕೊನೆಯ ದಿನ ಶಾಲು ಹೊದಿಸಿ, ಒಂದು ಹಿತ್ತಾಳೆಯ ದೀಪ ಕೊಟ್ಟು ಕಳುಹಿಸಿದರೆ ಯಾವ ಇನ್ಸ್‌ಪೆಕ್ಟರನೂ ಬಂದು ಕೇಳುತ್ತಿರಲಿಲ್ಲ. ಪ್ರತಿ ವರ್ಷ ದೀಪಾವಳಿಯ ಹೊಸ ಲೆಕ್ಕ ಆರಂಭಿಸುವಾಗ ನೌಕರನ ಹೆಸರಿನಲ್ಲಿ ಹದಿನೈದು ದಿನದ ಸಂಬಳವನ್ನು ಬೇರೆ ಖಾತೆಗೆ ಬರೆದಿಡುವ ಒಬ್ಬಿಬ್ಬರು ವ್ಯಾಪಾರಿಗಳನ್ನು ನಾನು ಬಲ್ಲೆ. ಅವರಲ್ಲಿ ಯಾರೂ ಶ್ರೀಮಂತರಲ್ಲ. ಅವರ ಅಂಗಡಿಗಳಲ್ಲಿ ತಲೆ ನರೆತ ನೌಕರರನ್ನು ಕಾಣಬಹುದು.

ಬಸದಿಗಳ ಟ್ರಸ್ಟುಗಳೂ ಈ ವಿಷಯದಲ್ಲಿ ತಮ್ಮನ್ನು ಹೊರಗಿನವರೆಂದು ಭಾವಿಸಲಾಗದು. ಪೂಜೆ ನಡೆಸುವ ಇಂದ್ರರು, ಭೋಜನಶಾಲೆಯ ಅಡಿಗೆಯವರು, ಯಾತ್ರಿನಿವಾಸದ ಕಸ ಗುಡಿಸುವವರು, ರಾತ್ರಿ ಕಾವಲಿನವರು ಇವರೆಲ್ಲ ನೌಕರರೇ. ಟ್ರಸ್ಟಿಗಳು ಮೂರು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಬಸದಿಯ ಯಾವ ತೊಲೆ ಯಾವ ಮಳೆಗಾಲದಲ್ಲಿ ಸೋರುತ್ತದೆ, ಯಾವ ಮನೆತನದ ಶಾಶ್ವತ ಪೂಜೆ ಯಾವ ತಿಥಿಗೆ ಬರುತ್ತದೆ ಎಂಬುದು ಇವರಿಗೆ ಮಾತ್ರ ಗೊತ್ತು. 'ಸೇವೆ' ಎಂಬ ಪವಿತ್ರ ಶಬ್ದವನ್ನು ಮುಂದಿಟ್ಟು ಕಡಿಮೆ ಸಂಬಳ ಕೊಡುವ ಅಭ್ಯಾಸ ನಮ್ಮ ಕೆಲವು ಕ್ಷೇತ್ರಗಳಲ್ಲಿ ಇದೆ. ಪಂಚಕಲ್ಯಾಣಕ್ಕೆ ಲಕ್ಷಗಟ್ಟಲೆ ಹಣ ಕೂಡಿಸಿದ ವರ್ಷವೇ ಇಂದ್ರರ ಮಗ ಕಾಲೇಜಿನ ಶುಲ್ಕಕ್ಕಾಗಿ ಮನೆಮನೆ ಅಲೆದುದನ್ನು ನಾನು ಕಂಡಿದ್ದೇನೆ. ಆ ಹುಡುಗ ಈಗ ಬೆಂಗಳೂರಿನಲ್ಲಿದ್ದಾನೆ. ತಂದೆಯ ಮಂತ್ರಪಾಠ ಅವನಿಗೆ ಬರುವುದಿಲ್ಲ. ಕಲಿಯಬೇಕೆಂದು ಅವನಿಗೆ ಅನ್ನಿಸಲೂ ಇಲ್ಲ.

ಇನ್ನು ದಿವಾನಜಿಯವರ ಕಥೆ. ನಮ್ಮ ಅಂಗಡಿಯನ್ನು ಬಿಟ್ಟ ವರ್ಷವೇ ಅವರು ಅದೇ ಊರಿನ ಸಂತೆಬೀದಿಯಲ್ಲಿ ಒಂದು ಸಣ್ಣ ಪಾತ್ರೆ ಅಂಗಡಿ ಹಾಕಿದರು. ಸಗಟು ವ್ಯಾಪಾರಿಗಳು ಅವರಿಗೆ ಉದ್ರಿ ಕೊಡದಂತೆ ದೊಡ್ಡಪ್ಪನವರು ಕಾಗದ ಬರೆದರು. ಆ ಕಾಗದಗಳನ್ನು ಅಂಚೆಪೆಟ್ಟಿಗೆಗೆ ಹಾಕಿ ಬಂದವನು ನಾನೇ. ಮೂರು ವರ್ಷದಲ್ಲಿ ಅವರು ಅಂಗಡಿ ಮುಚ್ಚಿ, ಮಗಳ ಊರಿಗೆ ಹೊರಟುಹೋದರು. ಇತ್ತ ನಮ್ಮ ಅಂಗಡಿಯ ಉದ್ರಿ ವಸೂಲಿಯೂ ನಿಂತುಹೋಯಿತು. ಯಾವ ರೈತ ಸುಗ್ಗಿಗೆ ಕೊಡುತ್ತಾನೆ, ಯಾರನ್ನು ಹಬ್ಬದ ಮುಂದೆ ಕೇಳಬಾರದು, ಯಾರ ಮನೆಯಲ್ಲಿ ಮದುವೆ ನಿಂತಿದೆ ಎಂಬುದೆಲ್ಲ ಅವರ ತಲೆಯಲ್ಲಿತ್ತು. ಅಣ್ಣ ಪುಸ್ತಕ ಹಿಡಿದು ಮನೆಮನೆಗೆ ಹೋದರೆ ಜನ ನೀರು ಕೊಟ್ಟು ಕಳುಹಿಸುತ್ತಿದ್ದರು. ಅವರು ಬರೆದ ಇಪ್ಪತ್ತೆರಡು ವರ್ಷದ ಕಿರ್ದಿ ಪುಸ್ತಕಗಳು ಕೆಂಪು ಬಟ್ಟೆಯಲ್ಲಿ ಸುತ್ತಿ ನಮ್ಮ ಮನೆಯ ಅಟ್ಟದ ಮೇಲಿವೆ. ಕಳೆದ ದೀಪಾವಳಿಯಲ್ಲಿ ಧೂಳು ಕೊಡವಿ ಒಂದನ್ನು ಬಿಚ್ಚಿದೆ. ಅಂಚಿನಲ್ಲೆಲ್ಲ ಅವರದೇ ಸಣ್ಣ ಸಣ್ಣ ಗುರುತುಗಳು: ಒಂದು ಚುಕ್ಕೆ, ಎರಡು ಗೀಟು, ಒಂದು ಸೊನ್ನೆ. ಅವುಗಳ ಅರ್ಥ ಹೇಳುವವರು ನಮ್ಮ ಮನೆಯಲ್ಲಿ ಈಗ ಯಾರೂ ಇಲ್ಲ.